ಕಲಬುರಗಿಯಿಂದ ಗೋಕರ್ಣಕ್ಕೆ ಕಾರಿನಲ್ಲಿ: ಒಂದೇ ದಿನದಲ್ಲಿ ತಲುಪುವುದು ಸರಿಯೇ?

ಭೀಮಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ನಾವು ಆರು ಜನ, ಅಂದರೆ ನಾವಿಬ್ಬರು, 10 ಮತ್ತು 6 ವರ್ಷದ ಇಬ್ಬರು ಮಕ್ಕಳು, 72 ವರ್ಷದ ನಮ್ಮ ಅವ್ವ ಹಾಗೂ ನನ್ನ ತಂಗಿ, ಕಲಬುರಗಿಯಿಂದ ಗೋಕರ್ಣಕ್ಕೆ ನಮ್ಮ ಕಾರಿನಲ್ಲೇ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಅವ್ವನಿಗೆ ಮಹಾಬಲೇಶ್ವರನ ದರ್ಶನವಾಗಬೇಕು, ಮಕ್ಕಳಿಗೆ ಸಮುದ್ರ ಬೇಕು. ಅವರು ಇದುವರೆಗೆ ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು ಮಾತ್ರ.

ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಎಂಬುದು ನಾನು ಹಾಕಿಕೊಂಡಿರುವ ದಾರಿ. ಒಟ್ಟು 500 ಕಿ.ಮೀ.ಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಕಾರು ಓಡಿಸುವವನು ನಾನೊಬ್ಬನೇ. ಘಟ್ಟದ ರಸ್ತೆಯ ರೂಢಿ ನನಗಿಲ್ಲ. ನಸುಕಿನ 4 ಗಂಟೆಗೆ ಹೊರಟರೆ ಸಂಜೆಯೊಳಗೆ ತಲುಪಬಹುದೇ, ಅಥವಾ ನಡುವೆ ಎಲ್ಲಾದರೂ ತಂಗುವುದು ಒಳ್ಳೆಯದೇ? ಶಿರಸಿಯ ಮೇಲಿಂದ ಹೋಗುವುದು ಉತ್ತಮವೆಂದು ಒಬ್ಬರು ಹೇಳಿದರು. ಆ ಮಾರ್ಗ ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿ ಸವಾರ

ತಲುಪಬಹುದು, ಆದರೆ ತಲುಪುವ ಹೊತ್ತು ಸರಿಯಿರುವುದಿಲ್ಲ. ಲೆಕ್ಕ ಹಾಕಿ ನೋಡಿ: ವಿಜಯಪುರದವರೆಗೆ ಸುಮಾರು 160 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ ಇನ್ನೂ 200ರ ಆಸುಪಾಸು. ಊಟ, ಚಹಾ, ಅವ್ವನವರು ಕಾಲು ಚಾಚಿಕೊಳ್ಳಲೆಂದು ಆಗಾಗ ನಿಲ್ಲಿಸುವುದು, ಇವೆಲ್ಲ ಸೇರಿದರೆ ಹುಬ್ಬಳ್ಳಿ ದಾಟುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅಂದರೆ ಹನ್ನೆರಡು ತಾಸು ಸ್ಟೇರಿಂಗ್ ಹಿಡಿದು ದಣಿದ ಮೇಲೆ, ರೂಢಿಯಿಲ್ಲದ ಅರಬೈಲ್ ಘಟ್ಟವನ್ನು ನೀವು ಮುಸ್ಸಂಜೆಯಲ್ಲಿ ಲಾರಿಗಳ ಸಾಲಿನ ಹಿಂದೆ ಇಳಿಯುತ್ತಿರುತ್ತೀರಿ. ಆ ಘಟ್ಟದ ತಿರುವುಗಳಲ್ಲಿ ಲಾರಿಗಳು ಮಗುಚುವುದು ಹೊಸ ಸುದ್ದಿಯೇನಲ್ಲ. ಒಂದು ಮಗುಚಿದರೂ ಎರಡೂ ಕಡೆ ತಾಸುಗಟ್ಟಲೆ ವಾಹನ ನಿಲ್ಲುತ್ತವೆ.

ಆದ್ದರಿಂದ ಮೊದಲ ದಿನ ಹುಬ್ಬಳ್ಳಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಹೀಗೆ ಮಾಡಿದರೆ ನಸುಕಿನ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸುವ ಅಗತ್ಯವೂ ಇಲ್ಲ. ವಿಜಯಪುರದಲ್ಲಿ ಗೋಳಗುಮ್ಮಟ ನೋಡುವಷ್ಟು ಸಮಯ ಸಿಗುತ್ತದೆ. ಕೊಲ್ಹಾರದಲ್ಲಿ ಕೃಷ್ಣೆಯ ಉದ್ದನೆಯ ಸೇತುವೆಗೆ ಮೊದಲು ಕಾರು ನಿಲ್ಲಿಸಿ ಕುಡಿಕೆ ಮೊಸರು ಕೊಳ್ಳಿ. ನಿಮ್ಮ ಬುತ್ತಿಯಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಇದ್ದೇ ಇರುತ್ತವೆ ಎಂದು ಭಾವಿಸುತ್ತೇನೆ, ಅದಕ್ಕೆ ಆ ಮೊಸರಿಗಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ಘಟ್ಟ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟಿರಬೇಡಿ, ಕಾಯ್ದು ಹಿಡಿತ ಕಡಿಮೆಯಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್‌ನ ಹಿಡಿತದಲ್ಲೇ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಇಂಧನ ಉಳಿಸುವ ಆಲೋಚನೆಯನ್ನಂತೂ ಮಾಡಲೇಬೇಡಿ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವ ರಸ್ತೆ ಅಗಲೀಕರಣದ ಕಾಮಗಾರಿಯಿಂದಾಗಿ ಹಿಂದೆ ಹಲವು ಬಾರಿ ಬಂದ್ ಆಗಿದೆ. ಹೊರಡುವ ವಾರ ವಿಚಾರಿಸದೆ ಆ ಕಡೆ ತಿರುಗಬೇಡಿ.

ಅಂಕೋಲೆಯವಳು

ದಾರಿಯ ಬಗ್ಗೆ ಮೇಲಿನವರ ಮಾತೇ ನನ್ನದು. ಒಂದನ್ನು ಸೇರಿಸುತ್ತೇನೆ: ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಘಟ್ಟದ ಕೆಳಗೆ ಗಂಗಾವಳಿ ಎನ್ನಿಸಿಕೊಂಡು, ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ. ಹಿಂದಿನ ಸೀಟಿನಿಂದ ‘ಇನ್ನೂ ಎಷ್ಟು ದೂರ’ ಎಂಬ ಪ್ರಶ್ನೆ ಬಂದಾಗ, ಆ ಹೊಳೆಯೂ ನಮ್ಮಂತೆಯೇ ಸಮುದ್ರಕ್ಕೆ ಹೊರಟಿದೆ ಎಂದು ಮಕ್ಕಳಿಗೆ ಹೇಳಬಹುದು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಸಮುದ್ರದ ಕುರಿತು. ಬಯಲುಸೀಮೆಯಿಂದ ಬಂದವರು ಕಡಲನ್ನು ದೊಡ್ಡ ಕೆರೆಯಂತೆ ಎಣಿಸಿ, ಮೊಣಕಾಲಷ್ಟು ನೀರಿನಲ್ಲಿ ಏನಾದೀತು ಎಂದು ಇಳಿಯುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಅಪಾಯವಿರುವುದು ದಡಕ್ಕೆ ಬರುವ ಅಲೆಗಿಂತ ಹೆಚ್ಚಾಗಿ ಮರಳಿ ಹೋಗುವ ನೀರಿನಲ್ಲಿ. ಅದು ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ನೊರೆಯಿಲ್ಲದೆ ಕಂಡರೆ ಅದನ್ನು ಸುರಕ್ಷಿತ ಜಾಗವೆಂದು ತಿಳಿಯಬೇಡಿ. ಸೆಳೆತ ಇರುವುದು ಅಲ್ಲಿಯೇ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅದು ಮಳೆಗಾಲವಾಗಿರಲಿಲ್ಲ, ನೀವು ಬರುತ್ತಿರುವ ತಿಂಗಳೇ ಆಗಿತ್ತು.

ಅವ್ವನವರಿಗೆ ಗೋಕರ್ಣದ ಮುಖ್ಯ ಕಡಲತೀರ ಸಾಕು. ದೇವಸ್ಥಾನದಿಂದ ನಡೆದೇ ಹೋಗಬಹುದು. ಓಂ ಕಡಲತೀರಕ್ಕೂ ಕುಡ್ಲೆಗೂ ಮೆಟ್ಟಿಲಿಳಿಯಬೇಕು. ಇಳಿದದ್ದನ್ನು ಮತ್ತೆ ಹತ್ತಬೇಕೆಂಬುದು ಮೊಣಕಾಲು ನೋವಿನವರಿಗೆ ಆಮೇಲೆ ನೆನಪಾಗುತ್ತದೆ. ಮಕ್ಕಳನ್ನು ನೀರಿಗಿಳಿಸಲು ಮಾತ್ರ ಒಂದು ದಿನ ಹೊನ್ನಾವರ ದಾಟಿ ಕಾಸರಕೋಡಿಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರವದು; ಈಜಲು ಗುರುತು ಮಾಡಿದ ಜಾಗ, ಜೀವರಕ್ಷಕರು, ಸ್ನಾನಕ್ಕೆ ಸಿಹಿನೀರು, ಬಟ್ಟೆ ಬದಲಿಸುವ ಕೋಣೆ ಎಲ್ಲವೂ ಇವೆ. ಅಲ್ಲಿಯೂ ಒಬ್ಬ ದೊಡ್ಡವರ ಕೈ ಒಂದು ಮಗುವಿನ ಕೈಯಲ್ಲಿರಲಿ, ಮೊಬೈಲ್ ತಂಗಿಯವರ ಬಳಿ ದಡದಲ್ಲಿರಲಿ.

ಎರಡು ಬಾರಿ ಹೋದವನು

ಬೀದರ್‌ನಿಂದ ಒಮ್ಮೆ ಒಂದೇ ದಿನದಲ್ಲಿ ಹೋಗಿದ್ದೇನೆ, ಆದರೆ ಓಡಿಸಲು ನಾವು ಇಬ್ಬರಿದ್ದೆವು, ರಾತ್ರಿ 11ಕ್ಕೇ ಹೊರಟು ಘಟ್ಟವನ್ನು ಹಗಲಿನಲ್ಲಿ ಇಳಿದೆವು. ಒಬ್ಬರೇ ಓಡಿಸುವುದಾದರೆ ನಾನೂ ಬೇಡವೆನ್ನುತ್ತೇನೆ. ಮಕ್ಕಳಿಗೆ ವಾಂತಿಯ ತೊಂದರೆ ಇದ್ದರೆ ವೈದ್ಯರು ಹೇಳಿದ ಮಾತ್ರೆಯನ್ನು ಯಲ್ಲಾಪುರಕ್ಕೆ ಮೊದಲೇ ಕೊಡಿ, ತಿರುವುಗಳು ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ವರ್ಷದ ಕೊನೆಯ ವಾರದಲ್ಲಿ ಗೋಕರ್ಣದ ಕೋಣೆಗಳ ಬಾಡಿಗೆ ವಿಪರೀತ ಏರುತ್ತದೆ, ಈಗಲೇ ಕಾಯ್ದಿರಿಸಿ. ದರ್ಶನಕ್ಕೆಂದು ಒಂದು ಪಂಚೆ ನಿಮ್ಮ ಚೀಲದಲ್ಲಿರಲಿ. ನಾನು ಪ್ಯಾಂಟಿನಲ್ಲಿ ಹೋಗಿ ಬೀದಿಯಲ್ಲಿ ಪಂಚೆ ಹುಡುಕಿದವನು.

ಭೀಮಾತೀರ

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಗೋಳಗುಮ್ಮಟದ ಮೆಟ್ಟಿಲು ಹತ್ತುವುದಿಲ್ಲ, ಕೆಳಗೇ ಕುಳಿತಿರುತ್ತೇನೆ ಎಂದು ಅವ್ವ ಈಗಲೇ ಹೇಳಿಬಿಟ್ಟಿದ್ದಾರೆ. ಕಾಸರಕೋಡನ್ನು ಮೂರನೆಯ ದಿನಕ್ಕೆ ಸೇರಿಸಿಕೊಂಡಿದ್ದೇವೆ. ಅಂಕೋಲೆಯವರಲ್ಲಿ ಇನ್ನೊಂದು ಪ್ರಶ್ನೆ: ಅಲ್ಲಿಗೆ ಬೆಳಿಗ್ಗೆ ಹೋಗುವುದು ಒಳ್ಳೆಯದೇ, ಇಳಿಬಿಸಿಲಿನಲ್ಲೇ?

ಅಂಕೋಲೆಯವಳು

ಬೆಳಿಗ್ಗೆಯೇ ಹೋಗಿ. ಭರತ ಇಳಿತದ ವೇಳೆ ದಿನದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಸರಿಯುತ್ತದೆಯಾದ್ದರಿಂದ, ಆ ದಿನದ ಹೊತ್ತನ್ನು ಅಲ್ಲಿನ ಜೀವರಕ್ಷಕರನ್ನೇ ಕೇಳಿಕೊಂಡು ನೀರಿಗಿಳಿಯಿರಿ.