ಹುಳು ಮನೆ ಖಾಲಿ ಇದ್ದಾಗ ಅಲ್ಲೇ ಗಿಟಾರ್‌ಗೆ ಸ್ಪ್ರೇ ಪೇಂಟ್ ಹೊಡೆಯಬಹುದಾ?

ಆರನೇತಂತಿ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ರೇಷ್ಮೆ ಬೆಳೆ. ನಾನು ಹಗಲು ಚಿಕ್ಕಬಳ್ಳಾಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಬಂದು ಹುಳುವಿಗೆ ಸೊಪ್ಪು ಹಾಕುತ್ತೇನೆ, ರಾತ್ರಿ ಗಿಟಾರ್ ಬಾರಿಸುತ್ತೇನೆ. ಅಪ್ಪನ ಪ್ರಕಾರ ಅದು ಬಾರಿಸುವುದಲ್ಲ, ಕೆರೆಯುವುದು.

ಗಿಟಾರ್ ಹೊಸದೇನಲ್ಲ. ಜೊತೆಯಲ್ಲಿ ಓದಿದವನೊಬ್ಬ ಬೆಂಗಳೂರಿನ ರೂಮ್ ಖಾಲಿ ಮಾಡುವಾಗ 3,500ಕ್ಕೆ ಕೊಟ್ಟ. ಎಲೆಕ್ಟ್ರಿಕ್, ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಆಕಾರದ್ದು. ಕಪ್ಪು ಬಣ್ಣ. ಹಿಂಭಾಗದ ತುಂಬಾ ಬೆಲ್ಟ್ ಬಕಲ್‌ನ ಗೀರು, ಮುಂದೆ ಸ್ಟಿಕರ್ ಕಿತ್ತ ಅಂಟು. ಕೆಳಗಿನ ಕೊಂಬಿನ (ನೆಕ್ ಪಕ್ಕ ಬಾಡಿ ಚಾಚಿರುವ ಮೂಲೆ) ಹತ್ತಿರ ಹೆಬ್ಬೆರಳಗಲ ಪೇಂಟ್ ಎಗರಿ ಹೋಗಿ ಮರ ಕಾಣುತ್ತಿದೆ. ಆ ಅಂಚು ಮುಟ್ಟಿ ನೋಡಿದೆ. ಪೇಂಟ್ ನನ್ನ ಉಗುರಿನಷ್ಟು ದಪ್ಪ ಇದೆ!

ಇದಕ್ಕೆ ಸಿಬಿ (ಮಿಶ್ರತಳಿ) ಗೂಡಿನ ಹಳದಿ ಹೊಡೆಯಬೇಕು ಅಂತ ಆಸೆ. ಬೈವೋಲ್ಟೀನ್ ಅನ್ನುವ ಇನ್ನೊಂದು ತಳಿಯ ಬಿಳಿ ಅಲ್ಲ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ಬಿಡಿಸಿದ ದಿನ ಸಿಬಿ ಗೂಡು ಮಂಕರಿಯಲ್ಲಿ ಇರುತ್ತದಲ್ಲ, ಆ ಹಳದಿ.

ಹಳೇ ಪೇಂಟ್ ತೆಗೆಯೋಣ ಅಂತ ರಿಮೂವರ್ ತಂದು ಹಚ್ಚಿದೆ. ಅರ್ಧ ಗಂಟೆ ಕಾದೆ. ಒರೆಸಿದರೆ ಮೊದಲಿಗಿಂತ ಜಾಸ್ತಿ ಹೊಳೆಯುತ್ತಿತ್ತು. ಬೆರಳು ಮಾತ್ರ ಉರಿಯಿತು.

ಮುಖ್ಯ ವಿಷಯ ಇದು. ನಾಳಿದ್ದು ಗೂಡು ಮಾರುಕಟ್ಟೆಗೆ ಹೋಗುತ್ತದೆ. ಆಮೇಲೆ ಮುಂದಿನ ಚಾಕಿ (ಮರಿ ಹುಳು) ತರುವವರೆಗೆ ಹನ್ನೆರಡು ದಿನ ಹುಳು ಮನೆ ಖಾಲಿ. ಹುಳುವನ್ನು ಕೊಲ್ಲುವ ಊಜಿ ನೊಣ ಬರಬಾರದು ಅಂತ ಕಿಟಕಿ, ಬಾಗಿಲಿಗೆಲ್ಲ ನೈಲಾನ್ ಪರದೆ ಹಾಕಿದ್ದೇವೆ. ಒಳಗೆ ಧೂಳಿಲ್ಲ, ಗಾಳಿ ಹದವಾಗಿದೆ. ದುಡ್ಡು ಕೊಟ್ಟರೂ ಇಂಥ ಪೇಂಟ್ ಬೂತ್ ಸಿಗಲ್ಲ ಅಲ್ವಾ? ಬೆಳಗ್ಗೆ ಆರಕ್ಕೇ ಎದ್ದು ಹೊಡೆದುಬಿಡೋಣ ಅಂತಿದ್ದೇನೆ. ಎಷ್ಟು ಡಬ್ಬ ಬೇಕು? ಹನ್ನೆರಡು ದಿನ ಸಾಕಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಹಿಪ್ಪುನೇರಳೆ (ಚಿಂತಾಮಣಿ)

ತಮ್ಮಾ, ನನಗೆ ಗಿಟಾರ್ ಗೊತ್ತಿಲ್ಲ. ಹುಳು ಗೊತ್ತು. ಅಪ್ಪನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು, ಈಗ ಹೇಳುವ ಅಗತ್ಯವೇ ಇಲ್ಲ. ಹುಳು ಮನೆಯಲ್ಲಿ ಹೊಡೆಯಬೇಡ.

ಪಕ್ಕದ ಮನೆಯವರು ಸೊಳ್ಳೆ ಬತ್ತಿ ಹಚ್ಚಿದರೂ ನಾವು ಜಗಳಕ್ಕೆ ಹೋಗುತ್ತೇವೆ. ಆ ಹೊಗೆ ತಾಗಿದರೆ ಹುಳು ತಲೆ ಆಡಿಸುತ್ತಾ ಹಸಿರು ನೀರು ಕಕ್ಕುವುದನ್ನು ನೀನೂ ನೋಡಿರುತ್ತೀಯ. ಪೇಂಟಿನ ವಾಸನೆ ಒಂದು ದಿನಕ್ಕೆ ಹೋಗುವಂಥದ್ದಲ್ಲ. ನಾವು ಒಂದು ಸಲ ಬುದ್ಧಿ ಇಲ್ಲದೆ ಹುಳು ಮನೆಯ ಕಿಟಕಿಗೆ ಎನಾಮಲ್ ಹೊಡೆಸಿ, ನಾಲ್ಕೇ ದಿನಕ್ಕೆ ಚಾಕಿ ತಂದೆವು. ಕಿಟಕಿ ಪಕ್ಕದ ಅಂಕಣದ ಹುಳು ಸೊಪ್ಪನ್ನೇ ಮುಟ್ಟಲಿಲ್ಲ. ಪೇಂಟಿಂದಲೇ ಅಂತ ಪ್ರಮಾಣ ಮಾಡಿ ಹೇಳಲಾರೆ, ಆದರೆ ಮಿಕ್ಕ ಅಂಕಣದಲ್ಲಿ ಏನೂ ಆಗಲಿಲ್ಲ. ಅವತ್ತಿನಿಂದ ನಮ್ಮ ಕಿಟಕಿಗೆ ಸುಣ್ಣ ಮಾತ್ರ.

ಇನ್ನೊಂದು. ಆ ಹನ್ನೆರಡು ದಿನ ಖಾಲಿ ಅಂತ ಯಾರು ಹೇಳಿದ್ದು? ತೊಳೆಯಬೇಕು, ಬ್ಲೀಚಿಂಗ್ ಹೊಡೆಯಬೇಕು, ಒಣಗಿಸಬೇಕು. ಆ ಕೆಲಸ ಯಾರು ಮಾಡುತ್ತಾರೆ, ನಿನ್ನ ಅಮ್ಮನಾ?

ತೋಟದ ಪಕ್ಕವೂ ಹೊಡೆಯಬೇಡ. ಸಿಂಪಡಣೆ ಗಾಳಿಗೆ ಸೊಪ್ಪಿನ ಮೇಲೆ ಕೂತರೆ ಅದೂ ಹುಳುವಿನ ಹೊಟ್ಟೆಗೇ ಹೋಗುವುದು.

ಟಿಂಕರಿಂಗ್‌ಶೆಡ್ (ತುಮಕೂರು)

ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಬಿ.ಎಚ್. ರಸ್ತೆ ಪಕ್ಕದ ಶೆಡ್‌ನಲ್ಲಿ ಹದಿನಾಲ್ಕು ವರ್ಷದಿಂದ ಕಾರಿಗೆ ಪೇಂಟ್ ಹೊಡೆಯುತ್ತಿದ್ದೇನೆ. ಗಿಟಾರ್ ಬಾರಿಸಲು ಬರಲ್ಲ. ಇಂಜಿನಿಯರಿಂಗ್ ಹುಡುಗರು ತಂದುಕೊಟ್ಟ ನಾಲ್ಕು ಗಿಟಾರ್‌ಗೆ ಬಣ್ಣ ಮಾಡಿದ್ದೇನೆ, ಅಷ್ಟೇ ಅನುಭವ.

ರಿಮೂವರ್‌ಗೆ ಬಗ್ಗಲಿಲ್ಲ, ಉಗುರಿನಷ್ಟು ದಪ್ಪ ಇದೆ ಅಂದರೆ ಅದು ಪಾಲಿಯೆಸ್ಟರ್ ಇರಬೇಕು. ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಜಾಸ್ತಿ ಅದನ್ನೇ ಹೊಡೆದಿರುತ್ತಾರೆ. ಥಿನ್ನರ್ ಆರಿ ಒಣಗುವ ಪೇಂಟ್ ಅಲ್ಲ ಅದು, ಹಾರ್ಡ್‌ನರ್ ಸೇರಿ ಸೆಟ್ ಆಗುವಂಥದ್ದು. ಸೆಟ್ ಆದ ಕಾಂಕ್ರೀಟ್‌ಗೆ ನೀರು ಹಾಕಿದರೆ ಮತ್ತೆ ಸಿಮೆಂಟ್ ಆಗುತ್ತಾ? ಹಾಗೆ. ಹೀಟ್ ಗನ್ ಹಿಡಿದರೆ ಏಳುತ್ತದೆ, ಆದರೆ ಹೊಸ ಕೈಗೆ ಮರ ಸುಡುವುದು ಗ್ಯಾರಂಟಿ. ಹೊಗೆಯೂ ಕೆಟ್ಟದ್ದು.

ಅದನ್ನು ಯಾಕೆ ತೆಗೆಯಬೇಕು? ನಮಗೆ ಬೇಕಾದ ಗಟ್ಟಿ ಬುನಾದಿ ಅದೇ. ಸ್ಟಿಕರ್ ಅಂಟನ್ನು ಟರ್ಪೆಂಟೈನ್‌ನಲ್ಲಿ ತೆಗೆದು, ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಹಿಂದಿನವರು ಕಾರ್ ಪಾಲಿಶ್ ಹಚ್ಚಿದ್ದರೆ ಈ ಹಂತದಲ್ಲೇ ಹೋಗಬೇಕು. ಸಿಲಿಕೋನ್ ಉಳಿದಿದ್ದರೆ ಹೊಸ ಪೇಂಟ್ ಅಲ್ಲಲ್ಲಿ ದುಂಡಗೆ ದೂರ ಸರಿಯುತ್ತದೆ, ಮೀನಿನ ಕಣ್ಣಿನ ಹಾಗೆ. ಎಗರಿದ ಜಾಗಕ್ಕೆ ಕಾರಿನ ಬಾಡಿ ಪುಟ್ಟಿ ತುಂಬಿ. ಜೊತೆಗೆ ಸಣ್ಣ ಟ್ಯೂಬ್‌ನಲ್ಲಿ ಹಾರ್ಡ್‌ನರ್ ಕೊಡುತ್ತಾರೆ, ನೂರು ಗ್ರಾಂಗೆ ಎರಡು ಗ್ರಾಂ ಸಾಕು. ಆಮೇಲೆ 320ರ ಪೇಪರ್‌ನಲ್ಲಿ ಇಡೀ ಬಾಡಿ ಉಜ್ಜಿ. ಹೊಳಪು ಎಲ್ಲೂ ಉಳಿಯಬಾರದು. ಸ್ಲೇಟಿನ ಹಾಗೆ ಮಂಕಾಗಬೇಕು. ಕೊಂಬುಗಳ ಒಳಬಾಗು ಎಲ್ಲರೂ ಬಿಡುವ ಜಾಗ, ಪೇಂಟ್ ಮೊದಲು ಸಿಪ್ಪೆ ಏಳುವುದೂ ಅಲ್ಲೇ.

ಹಳದಿ ವಿಷಯ. ಬಣ್ಣಗಳಲ್ಲೇ ಅತಿ ಸೋಮಾರಿ ಅಂದರೆ ಹಳದಿ, ಕೆಳಗಿನದನ್ನು ಮುಚ್ಚುವುದೇ ಇಲ್ಲ. ಕಪ್ಪಿನ ಮೇಲೆ ನೇರ ಹೊಡೆದರೆ ಮೂರು ಡಬ್ಬ ಮುಗಿದರೂ ಗೋರಂಟಿ ಹಸಿರಿನ ಹಾಗೆ ಕಾಣುತ್ತದೆ. ಮೊದಲು ಬಿಳಿ ಪ್ರೈಮರ್. ಬೂದು ಬೇಡ, ಬಿಳಿಯೇ. ಪೂರ್ತಿ ಬಿಳಿ ಆಗುವವರೆಗೆ. 400 ಎಂಎಲ್ ಡಬ್ಬದ ಲೆಕ್ಕದಲ್ಲಿ ಎರಡು ಪ್ರೈಮರ್, ಎರಡು ಹಳದಿ, ಮೂರು ಕ್ಲಿಯರ್ (ಮೇಲೆ ಹೊಡೆಯುವ ಬಣ್ಣವಿಲ್ಲದ ಪದರ) ಇಟ್ಟುಕೊಳ್ಳಿ.

ಹೊಡೆಯುವಾಗ ಒಂದು ಗೇಣಿಗಿಂತ ಸ್ವಲ್ಪ ದೂರ. ಗಾಳಿಯಲ್ಲೇ ಬಟನ್ ಒತ್ತಿ, ಗಿಟಾರ್ ದಾಟಿಸಿ, ಆಚೆ ಕಡೆ ಗಾಳಿಯಲ್ಲೇ ಬಿಡಿ. ಗಿಟಾರ್ ಮೇಲೆ ಒತ್ತಿ ಗಿಟಾರ್ ಮೇಲೆಯೇ ಬಿಟ್ಟರೆ ಎರಡೂ ತುದಿಯಲ್ಲಿ ಪೇಂಟ್ ಇಳಿಯುತ್ತದೆ. ಮೊದಲ ಕೋಟ್ ನೋಡಿದರೆ ಬೇಜಾರಾಗಬೇಕು, ಅಷ್ಟು ತೆಳ್ಳಗಿರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಮುಂದಿನದು. ಮೊದಲು ಒಂದು ರಟ್ಟಿನ ಡಬ್ಬದ ಮೇಲೆ ಕೈ ಕೂರಿಸಿಕೊಳ್ಳಿ.

ಇನ್ನು ನಾನು ಸುಟ್ಟುಕೊಂಡ ಕೈ. ಕೆಲಸ ಕಲಿಯುವಾಗ ಒಂದು ಬೈಕ್ ಟ್ಯಾಂಕ್‌ಗೆ ಎನಾಮಲ್ ಬಣ್ಣ ಹೊಡೆದು, ಮಾರನೇ ದಿನ ಅದರ ಮೇಲೆ ಲ್ಯಾಕರ್ ಕ್ಲಿಯರ್ ಹೊಡೆದೆ. ಬಿಸಿ ಹಾಲಿನ ಕೆನೆಯನ್ನು ಚಮಚದಲ್ಲಿ ತಳ್ಳಿದರೆ ಹೇಗೆ ಸುಕ್ಕುಗಟ್ಟುತ್ತದೆ, ಕಣ್ಣೆದುರೇ ಹಾಗಾಯಿತು. ಎನಾಮಲ್ ಒಳಗಿಂದ ಒಣಗಿರಲಿಲ್ಲ, ಲ್ಯಾಕರ್‌ನ ಥಿನ್ನರ್ ಅದನ್ನು ಎಬ್ಬಿಸಿಬಿಟ್ಟಿತು. ಪೂರ್ತಿ ಕೆರೆದು ಮತ್ತೆ ಶುರು ಮಾಡಿದೆ, ಆ ವಾರದ ಸಂಬಳ ಬರಲಿಲ್ಲ. ಅದಕ್ಕೇ ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಜಾತಿಯದು, ಒಂದೇ ಕಂಪನಿಯದು ತೆಗೆದುಕೊಳ್ಳಿ. ಎಷ್ಟು ಹೊತ್ತಿನೊಳಗೆ ಮುಂದಿನ ಕೋಟ್ ಹೊಡೆಯಬೇಕು ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಯಾರೂ ಓದಲ್ಲ. ನೀವು ಓದಿ.

ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಗಟ್ಟಿ ಬರುತ್ತದೆ ನಿಜ. ಆದರೆ ಅದರಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಸರಿಯಾದ ಮಾಸ್ಕ್ ಇಲ್ಲದೆ ಮನೆಯಲ್ಲಿ ಬೇಡ. ಮಾಮೂಲಿ ಡಬ್ಬಕ್ಕೂ ಕಾರ್ಬನ್ ಫಿಲ್ಟರ್ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಮಾಸ್ಕ್‌ನಿಂದ ವಾಸನೆ ನಿಲ್ಲಲ್ಲ.

ಬೆಳಗ್ಗೆ ಆರಕ್ಕೆ ಅಂದಿರಿ. ಈ ಇಬ್ಬನಿಯಲ್ಲಾ? ಗಾಳಿಯಲ್ಲಿ ತೇವ ಇದ್ದರೆ ಲ್ಯಾಕರ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹುಳು ಮನೆಯಲ್ಲಿ ತೇವ ನೋಡುವ ಥರ್ಮಾಮೀಟರ್ ಇರುತ್ತದಂತಲ್ಲ, ಬೂತ್ ಬಿಡಿ, ಅದನ್ನು ಎತ್ತಿಕೊಂಡು ಬನ್ನಿ.

ಅಂತರಗಂಗೆ (ಕೋಲಾರ)

ಶೆಡ್ ಅಣ್ಣ ಪೇಂಟ್ ಹೇಳಿದರು, ನಾನು ಬಿಚ್ಚುವುದು ಹೇಳುತ್ತೇನೆ. ನನ್ನದನ್ನು ಎರಡು ಸಲ ಬಿಚ್ಚಿದ್ದೇನೆ, ಮೊದಲನೇ ಸಲ ಜೋಡಿಸಿದ ಮೇಲೆ ಮೂರು ಸ್ಕ್ರೂ ಮಿಕ್ಕಿದ್ದವು.

ಬಿಚ್ಚುವ ಮೊದಲು ವೈರ್‌ಗಳ ಫೋಟೋ. ನೆಕ್‌ಗೆ ಹಿಂದೆ ನಾಲ್ಕು ಸ್ಕ್ರೂ. ಮುಂದಿನ ಪ್ಲಾಸ್ಟಿಕ್ ಹಲಗೆಗೆ, ಅಂದರೆ ಪಿಕ್‌ಗಾರ್ಡ್‌ಗೆ, ಸಾಮಾನ್ಯವಾಗಿ ಹನ್ನೊಂದು. ಥರ್ಮೋಕೋಲ್ ಮೇಲೆ ಗಿಟಾರ್ ಚಿತ್ರ ಬರೆದು ಆಯಾ ಜಾಗಕ್ಕೇ ಸ್ಕ್ರೂ ಚುಚ್ಚಿಡಿ. ಹಿಂದಿನ ಸ್ಪ್ರಿಂಗ್ ಹಿಡಿದಿರುವ ಕಬ್ಬಿಣದ ತುಂಡಿಗೆ ಒಂದು ವೈರ್ ಬೆಸುಗೆ ಹಾಕಿರುತ್ತಾರೆ, ಅದು ಅರ್ತ್. ಎಳೆದು ಕೀಳಬೇಡಿ, ಸೋಲ್ಡರಿಂಗ್ ಐರನ್‌ನಲ್ಲಿ ಬಿಡಿಸಿ. ಮತ್ತೆ ಹಾಕಲು ಮರೆತರೆ ತಂತಿ ಮುಟ್ಟಿದರೂ ಗುಂಯ್ ಅನ್ನುವ ಸದ್ದು ನಿಲ್ಲಲ್ಲ.

ನೆಕ್ ಕೂರುವ ಗುಂಡಿಗೆ ಪೇಂಟ್ ಬೀಳಬಾರದು, ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ಪೇಂಟ್ ಕೂತರೆ ನೆಕ್ ಬಿಗಿಯಾಗಿ, ಒತ್ತಿ ಕೂರಿಸುವಾಗ ಅಂಚಿನ ಪೇಂಟ್ ಚಟ್ ಅಂತ ಸೀಳುತ್ತದೆ. ಆ ಗುಂಡಿಗೇ ಒಂದಡಿ ರೀಪರ್ ತುಂಡು ಸ್ಕ್ರೂ ಮಾಡಿದರೆ ಹಿಡಿಯಲು ಹಿಡಿ, ನೇತುಹಾಕಲು ಕೊಕ್ಕೆ, ಎರಡೂ ಆಯಿತು. ವಾಪಸ್ ಜೋಡಿಸುವ ಮೊದಲು ಪ್ರತಿ ಸ್ಕ್ರೂ ತೂತಿನ ಬಾಯಿಯನ್ನು ದಪ್ಪ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಇಲ್ಲದಿದ್ದರೆ ಸ್ಕ್ರೂ ತಿರುಗುವಾಗ ಪೇಂಟನ್ನೂ ಎತ್ತಿಕೊಂಡು ಹೋಗುತ್ತದೆ.

ಕಾರಿನ ಪೇಂಟ್ ಗಿಟಾರ್‌ಗಾ ಅಂತ ಯಾರಾದರೂ ಮೂಗು ಮುರಿದರೆ ಇದನ್ನು ಹೇಳಿ. 1954ರಲ್ಲಿ ಸ್ಟ್ರಾಟೋಕಾಸ್ಟರ್ ತಂದ ಫೆಂಡರ್ ಕಂಪನಿಯೇ ಆ ಕಾಲದಲ್ಲಿ ಡ್ಯೂಪಾಂಟ್‌ನ ಕಾರ್ ಪೇಂಟ್ ಬಳಸುತ್ತಿತ್ತು. ಡ್ಯೂಕೋ, ಲೂಸೈಟ್ ಅಂತ ಹೆಸರು. ಅವರ ಫಿಯೆಸ್ಟಾ ರೆಡ್ ಬಂದದ್ದು ಫೋರ್ಡ್ ಥಂಡರ್‌ಬರ್ಡ್ ಕಾರಿನಿಂದ. ಕಾರಿನ ಕೆಂಪು ನಡೆಯುವುದಾದರೆ ಗೂಡಿನ ಹಳದಿ ಯಾಕೆ ಬೇಡ?

ಆರನೇತಂತಿ

ಅಕ್ಕ, ಅಣ್ಣಂದಿರೇ, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಹಗಲು ರಾತ್ರಿ ಸೊಪ್ಪು ಕೇಳುತ್ತಿತ್ತು.

ಹುಳು ಮನೆಯ ಆಸೆ ಬಿಟ್ಟೆ. ತೊಳೆದದ್ದು ಅಮ್ಮನಲ್ಲ ಅಕ್ಕ, ನಾನೇ. ತೋಟ, ಮನೆ ಎರಡರಿಂದಲೂ ದೂರ, ಹಳೇ ಬೋರ್‌ವೆಲ್ ಹತ್ತಿರ ನಮ್ಮದೊಂದು ಮೋಟರ್ ಮನೆ ಇದೆ. ಬೋರ್ ಬತ್ತಿ ಎಷ್ಟೋ ವರ್ಷ ಆಯಿತು, ಈಗ ಬರೀ ಗೋಡೆ, ಶೀಟು. ಅದರ ಮುಂದಿನ ಹೊಂಗೆ ಕೊಂಬೆಗೆ ಗಿಟಾರ್ ನೇತುಹಾಕಿದೆ. ಪಕ್ಕದಲ್ಲಿ ಥರ್ಮಾಮೀಟರ್. ಆರು ಗಂಟೆಗೆ ಒಣ ಬಲ್ಬ್‌ಗೂ ಒದ್ದೆ ಬಲ್ಬ್‌ಗೂ ಒಂದೇ ಡಿಗ್ರಿ ಅಂತರ, ಅಂದರೆ ಗಾಳಿಯಲ್ಲಿ ತುಂಬಾ ತೇವ, ಗಿಟಾರ್ ಮೇಲೆ ಕೈ ಆಡಿಸಿದರೆ ಒದ್ದೆ. ಹತ್ತೂವರೆಗೆ ಅಂತರ ಐದು ಡಿಗ್ರಿ ಆಯಿತು. ಆಗ ಶುರು ಮಾಡಿದೆ. ಹೊಡೆದ ತಕ್ಷಣ ಒಳಗೆ ತಂದು, ಹಳೇ ಊಜಿ ಪರದೆ ಹೊದಿಸಿ ನೇತುಹಾಕುತ್ತಿದ್ದೆ.

ಬಿಳಿ ಪ್ರೈಮರ್ ಹೊಡೆದ ಮೇಲೆ ಅಮ್ಮ ಬಂದು, "ಇಷ್ಟಕ್ಕೇ ಬಿಡು, ಬೈವೋಲ್ಟೀನ್‌ಗೆ ರೇಟು ಜಾಸ್ತಿ" ಅಂದರು. ಬಿಡಲಿಲ್ಲ. ಹಳದಿ ಮೂರನೇ ಕೋಟ್‌ಗೆ ಕೂತಿತು. ಕೆಳಗಿನ ಕೊಂಬಿನಲ್ಲಿ ಒಂದು ಕಡೆ ಇಳಿದಿದೆ, ಗಿಟಾರ್ ಮೇಲೆಯೇ ಬಟನ್ ಬಿಟ್ಟಿದ್ದೆ. ಕ್ಲಿಯರ್ ಎರಡನೇ ಕೋಟ್‌ನಲ್ಲಿ ಒಂದು ನೊಣ ಬಂದು ಕೂತು, ನಡೆದು, ಅಲ್ಲೇ ಸತ್ತಿತು. ಪಿನ್ನಿನಲ್ಲಿ ತೆಗೆದೆ, ಹೆಜ್ಜೆ ಗುರುತು ಉಳಿದಿದೆ. ಡಬ್ಬ, ಪೇಪರ್, ಪುಟ್ಟಿ, ಮಾಸ್ಕ್ ಎಲ್ಲಾ ಸೇರಿ 2,860 ಆಯಿತು. ಇನ್ನೊಂದು 640 ಹಾಕಿದ್ದರೆ ಗಿಟಾರ್‌ನ ಬೆಲೆಯೇ.

ಅಪ್ಪ ಒಂದು ಗೂಡು ತಂದು ಪಕ್ಕ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. "ಸ್ವಲ್ಪ ಹಸಿರು ಬೆರೆಯಬೇಕಿತ್ತು" ಅಂದು ಗೂಡು ಜೇಬಿಗೆ ಹಾಕಿಕೊಂಡು ಹೋದರು. ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಸರಿ.

ಕ್ಲಿಯರ್ ಮುಗಿದು ಇವತ್ತಿಗೆ ಹದಿನೇಳು ದಿನ. ನೀರು ಪೇಪರ್ ಹಿಡಿಯಬಹುದಾ ಅಣ್ಣ?

ಟಿಂಕರಿಂಗ್‌ಶೆಡ್

ಮೂಗು ಹತ್ತಿರ ಇಟ್ಟು ನೋಡಿ. ಪೇಂಟ್ ವಾಸನೆ ಇನ್ನೂ ಬಂದರೆ ಒಳಗೆ ಒಣಗಿಲ್ಲ. ನೆಕ್ ಗುಂಡಿಯ ಅಂಚಲ್ಲಿ, ಕಾಣದ ಜಾಗದಲ್ಲಿ ಉಗುರು ಒತ್ತಿ. ಗುರುತು ಬಿದ್ದರೆ ಇನ್ನೂ ಎರಡು ವಾರ ನೇತಾಡಲಿ, ಚಳಿಗಾಲ ಬೇರೆ.

ಆಮೇಲೆ 1000, 1500, 2000 ಕ್ರಮವಾಗಿ. ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ, ನೀರಿಗೆ ಎರಡು ಹನಿ ಸೋಪು ಹಾಕಿ. ಸ್ಕ್ರೂ ತೂತಿಗೆ ಮೇಣ ಮೆತ್ತಿ, ನೀರು ಇಳಿದರೆ ಮರ ಉಬ್ಬಿ ಪೇಂಟ್ ಬಿರಿಯುತ್ತದೆ. ಅಂಚುಗಳಲ್ಲಿ ಕೈ ಹಗುರ ಇರಲಿ, ಅಲ್ಲಿ ಪೇಂಟ್ ತೆಳ್ಳಗಿರುತ್ತದೆ, ನಾಲ್ಕು ಸಲ ಉಜ್ಜಿದರೆ ಬಿಳಿ ಇಣುಕುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್.

ಹಿಂಭಾಗ ಮೊದಲು ಮಾಡಿ. ಅಲ್ಲಿ ಕೈ ಕೂತ ಮೇಲೆ ಮುಂಭಾಗ. ನೊಣದ ಹೆಜ್ಜೆ ಯಾವ ಕಡೆ ಇದೆ?

ಆರನೇತಂತಿ

ಮುಂದೆ ಅಣ್ಣ. ವಾಲ್ಯೂಮ್ ನಾಬ್ ಪಕ್ಕದಲ್ಲೇ. ವಾಸನೆ ಇನ್ನೂ ಇದೆ, ಮತ್ತೆ ನೇತುಹಾಕಿದ್ದೇನೆ.