ವಿದೇಶದಿಂದ ಬರುವ ಹಳೆಯ ವಿದ್ಯಾರ್ಥಿಗಳಿಗೆ ಬೇಸಿಗೆ ಶಿಬಿರದಲ್ಲಿ ಏನು ಕೆಲಸ ಕೊಡಲಿ?

ಯಲಹಂಕದ ಶಿಕ್ಷಕಿ:
ನಮ್ಮದು ಅಂತರರಾಷ್ಟ್ರೀಯ ಶಾಲೆ. ಮೇ ತಿಂಗಳಲ್ಲಿ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಶಿಬಿರ ನಡೆಸುತ್ತೇವೆ. ಅಮೆರಿಕ, ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸಹಾಯಕ್ಕೆ ಬರುತ್ತೇವೆ ಎನ್ನುತ್ತಾರೆ. ಉತ್ಸಾಹಕ್ಕೆ ಕೊರತೆಯಿಲ್ಲ, ಕನ್ನಡಕ್ಕೆ ಇದೆ. ಹೋದ ವರ್ಷ ಒಬ್ಬ ಹುಡುಗ ರೋಬೋಟ್ ಬಗ್ಗೆ ಮುಗಿಯದಷ್ಟು ಸ್ಲೈಡ್ ತೋರಿಸಿದ. ಮಕ್ಕಳು ಕಿಟಕಿಯಾಚೆಯ ಮಾವಿನಕಾಯಿ ಎಣಿಸಿದರು. ಇವರಿಗೆ ಯಾವ ಹೊಣೆ ವಹಿಸಲಿ?

ಬಸವನಗುಡಿಯ ನಿವೃತ್ತ ಮೇಷ್ಟ್ರು:
ಮೊದಲು ಕ್ಯಾಲೆಂಡರ್ ನೋಡಿ ಮೇಡಂ. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ರಜೆ ಸಿಗುವುದು ಮೇ ಮಧ್ಯಕ್ಕೆ, ಬ್ರಿಟನ್ನಿನವಕ್ಕೆ ಸಾಮಾನ್ಯವಾಗಿ ಜೂನ್‌ನಲ್ಲಿ. ನಮ್ಮ ಸರ್ಕಾರಿ ಶಾಲೆಗಳು ಮೇ ಕೊನೆಗೇ ಬಾಗಿಲು ತೆರೆಯುತ್ತವೆ. ನಿಮಗೆ ಉಳಿಯುವುದು ಎರಡು ವಾರ. ಅಷ್ಟರಲ್ಲಿ ಪಾಠ ಯಾಕೆ? ಲಾಲ್‌ಬಾಗ್‌ಗೆ ಕರೆದೊಯ್ಯಿರಿ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಹತ್ತಿದರೆ ಕೆಂಪೇಗೌಡರ ಗೋಪುರ. ಇನ್ನೊಂದು ದಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಅಲ್ಲಿ ಮಕ್ಕಳೇ ಗುಂಡಿ ಒತ್ತಿ ಯಂತ್ರ ಓಡಿಸಬಹುದು. ನಿಮ್ಮ ರೋಬೋಟ್ ಹುಡುಗನೂ ಅಲ್ಲಿ ಉಪಯೋಗಕ್ಕೆ ಬಂದಾನು.

ರಜೆಗೆ ಬಂದವಳು:
ನಾನೂ ಅಂಥವಳೇ. ಇಂಗ್ಲಿಷ್ ಮಾತನಾಡಿಸಲು ನಮ್ಮನ್ನು ಬಳಸಿಕೊಳ್ಳಿ, ಆದರೆ ಲಗೋರಿ ಆಡಿಸುತ್ತಾ. ಪ್ರಮಾಣಪತ್ರಕ್ಕಾಗಿ ಬರುವವರನ್ನು ಮೊದಲ ದಿನ ಊಟ ಬಡಿಸಲು ನಿಲ್ಲಿಸಿ. ಮರುದಿನ ಯಾರು ಬರುತ್ತಾರೆ ನೋಡೋಣ.

ಯಲಹಂಕದ ಶಿಕ್ಷಕಿ:
ಮೇಷ್ಟ್ರೇ, ಲಾಲ್‌ಬಾಗ್‌ಗೆ ಶಾಲೆಯ ಬಸ್ ಕೇಳುತ್ತೇನೆ. ಬಡಿಸುವ ಉಪಾಯಕ್ಕೆ ಪ್ರಾಂಶುಪಾಲರು ಒಪ್ಪುವುದು ಕಷ್ಟ, ದೇಣಿಗೆ ಕೊಟ್ಟವರ ಮಕ್ಕಳೂ ಪಟ್ಟಿಯಲ್ಲಿದ್ದಾರೆ!