ದೆಹಲಿ–ಬಾಗ್ಡೋಗ್ರಾ ವಿಮಾನದಲ್ಲಿ ಹಿಮಾಲಯ ಕಾಣಲು ಯಾವ ಕಿಟಕಿ ಸೀಟು?

ಪ್ರಶ್ನೆ

ನವೆಂಬರ್ ಮೊದಲ ವಾರದಲ್ಲಿ ಅಮ್ಮನನ್ನು ಡಾರ್ಜಿಲಿಂಗಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೈಸೂರಿನಿಂದ ಬೆಂಗಳೂರಿಗೆ ಬಂದು, ದೆಹಲಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಡಾರ್ಜಿಲಿಂಗಿಗೆ ಹತ್ತಿರದ ವಿಮಾನ ನಿಲ್ದಾಣವಾದ ಬಾಗ್ಡೋಗ್ರಾಕ್ಕೆ ಹೊರಡುವ ಯೋಚನೆಯಿದೆ. ಅಮ್ಮನಿಗೆ ಈಗ 71 ವರ್ಷ. ಹಿಮಾಲಯವನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಡಾರ್ಜಿಲಿಂಗಿನಲ್ಲಿ ಮಂಜು ಕವಿದುಕೊಂಡರೂ ವಿಮಾನದಿಂದಲಾದರೂ ಶಿಖರಗಳು ಕಾಣಲಿ ಎಂಬುದು ನನ್ನ ಹಂಬಲ. ಎಡಬದಿಯಲ್ಲಿ ಕೂರಬೇಕೋ, ಬಲಬದಿಯಲ್ಲೋ? ಬೆಂಗಳೂರಿನಿಂದ ನೇರ ವಿಮಾನ ಹಿಡಿದರೂ ಇದೇ ನೋಟ ಸಿಗುತ್ತದೆಯೇ?

ಉತ್ತರ 1

ಹೋಗುವಾಗ ಎಡಬದಿ, ಅಂದರೆ ಎ ಅಕ್ಷರದ ಸೀಟು. ವಿಮಾನ ಪೂರ್ವ ದಿಕ್ಕಿಗೆ ಸಾಗುವುದರಿಂದ ಉತ್ತರಕ್ಕಿರುವ ಹಿಮಾಲಯ ದಾರಿಯುದ್ದಕ್ಕೂ ಎಡಗಡೆಯೇ ಇರುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ನವೆಂಬರಿನಲ್ಲಿ ಸೂರ್ಯ ದಕ್ಷಿಣದ ಕಡೆ ಇರುವುದರಿಂದ ಎಡಗಿಟಕಿಗೆ ಬಿಸಿಲು ನೇರವಾಗಿ ಹೊಡೆಯುವುದಿಲ್ಲ, ನಮ್ಮ ಕಡೆಗಿರುವ ಹಿಮದ ಇಳಿಜಾರುಗಳ ಮೇಲೆ ಮಾತ್ರ ಬೆಳಕು ಚೆನ್ನಾಗಿ ಬಿದ್ದಿರುತ್ತದೆ. ಹೊತ್ತೇರಿದಂತೆ ಶಿಖರಗಳಿಗೆ ಮೋಡ ಕಟ್ಟಿಕೊಳ್ಳುವುದು ಹೆಚ್ಚು. ಆದ್ದರಿಂದ ಬೆಳಗಿನ ವಿಮಾನವನ್ನೇ ಆರಿಸಿಕೊಳ್ಳಿ. ಹಿಂತಿರುಗುವಾಗ ಬಲಬದಿಯ ಎಫ್ ಸೀಟು.

ಬೆಂಗಳೂರಿನಿಂದ ನೇರವಾಗಿ ಹೋದರೆ ವಿಮಾನ ಈಶಾನ್ಯಕ್ಕೆ ಮುಖಮಾಡಿ ಬರುವುದರಿಂದ ಪರ್ವತಗಳು ಬಹುಪಾಲು ಎದುರಿಗೇ ಉಳಿಯುತ್ತವೆ. ಕೊನೆಯ ಹಂತದಲ್ಲಿ ಎಡಗಿಟಕಿಯಿಂದ ಓರೆಯಾಗಿ ಕಂಡರೆ ಕಂಡವು. ಅಮ್ಮನವರ ಆಸೆಯೇ ಮುಖ್ಯವಾಗಿದ್ದರೆ ದೆಹಲಿಯ ಸುತ್ತುದಾರಿ ಖಂಡಿತ ಸಾರ್ಥಕ.

ಉತ್ತರ 2

ಬದಿಯ ವಿಷಯದಲ್ಲಿ ಮೇಲಿನವರ ಮಾತು ಸರಿ. ಸಾಲಿನ ಬಗ್ಗೆ ಹೇಳುವುದಾದರೆ, ರೆಕ್ಕೆಗಿಂತ ಮುಂದಿನ ಸಾಲುಗಳನ್ನೇ ಹಿಡಿಯಿರಿ. ರೆಕ್ಕೆಯ ಹಿಂದೆಯೂ ನೋಟ ತೆರೆದಿರುತ್ತದೆ, ಆದರೆ ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಯಿಂದಾಗಿ ದೃಶ್ಯ ಅದುರಿದಂತೆ ಕಾಣುತ್ತದೆ, ಫೋಟೋಗಳೂ ಮಸುಕಾಗುತ್ತವೆ. ಕಿಟಕಿ ಸೀಟಿನ ಪಕ್ಕದಲ್ಲೆಲ್ಲ ಕಿಟಕಿ ಇದ್ದೇ ಇರುತ್ತದೆ ಎಂದೂ ನಂಬಬೇಡಿ. ಬೋಯಿಂಗ್ 737 ವಿಮಾನಗಳಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವ ಜಾಗದಲ್ಲಿ ಕಿಟಕಿಯೇ ಇರುವುದಿಲ್ಲ. ನನ್ನ ಮಗಳು ಒಮ್ಮೆ ಹೆಚ್ಚಿನ ಹಣ ಕೊಟ್ಟು ಆರಿಸಿಕೊಂಡ ಸೀಟಿನಲ್ಲಿ ಇಡೀ ಪ್ರಯಾಣ ಬರಿಯ ಗೋಡೆ ನೋಡುತ್ತ ಕುಳಿತಿದ್ದಳು, ಅವಳ ಮುಖ ನೆನೆದರೆ ಈಗಲೂ ಬೇಸರವಾಗುತ್ತದೆ. ಯಾವ ಮಾದರಿಯ ವಿಮಾನವೆಂದು ಟಿಕೆಟ್ಟಿನಲ್ಲಿ ನೋಡಿಕೊಂಡು ಅದರ ಸೀಟು ನಕ್ಷೆಯನ್ನು ಪರಿಶೀಲಿಸಿ.

ಉತ್ತರ 3

ಸೀಟು ಸಿಕ್ಕಿದರೂ ಎಲ್ಲಿ ನೋಡಬೇಕೆಂದು ತಿಳಿಯದೆ ಎಷ್ಟೋ ಜನ ಶಿಖರಗಳನ್ನು ಕಳೆದುಕೊಳ್ಳುತ್ತಾರೆ. ಅವು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ದಿಗಂತದ ಅಂಚಿಗೆ ಬಿಳಿಯ ಸಾಲಾಗಿ ನಿಂತಿರುವುದರಿಂದ ಮೊದಲ ನೋಟಕ್ಕೆ ಮೋಡವೆಂದೇ ಅನ್ನಿಸುತ್ತದೆ. ಮೋಡದ ಆಕಾರ ಬದಲಾಗುತ್ತ ಹೋಗುತ್ತದೆ, ಆದರೆ ಈ ಸಾಲಿನ ಮೊನಚುಗಳು ಕದಲುವುದಿಲ್ಲ; ಗುರುತು ಅದೇ.

ಪ್ರಯಾಣದ ನಡುಭಾಗದಲ್ಲಿ ಧವಳಗಿರಿ (8,167 ಮೀ.), ಅನ್ನಪೂರ್ಣಾ, ಮನಸ್ಲು ಒಂದಾದ ಮೇಲೊಂದು ಬರುತ್ತವೆ. ಎವರೆಸ್ಟ್ (8,848.86 ಮೀ.) ಅತ್ಯಂತ ಎತ್ತರದ್ದಾದರೂ ಗುರುತಿಸುವುದು ಕಷ್ಟ, ಏಕೆಂದರೆ ದಕ್ಷಿಣದಿಂದ ನೋಡುವವರಿಗೆ ನೆರೆಯ ಲೋತ್ಸೆ–ನುಪ್ತ್ಸೆ ಶಿಖರಗಳ ಗೋಡೆ ಅದರ ಕೆಳಭಾಗವನ್ನು ಮರೆಮಾಡಿ, ಗಾಳಿಗೆ ಹಿಮ ಹಾರಿಹೋದ ಕಪ್ಪು ಛಾಯೆಯ ತುದಿಯೊಂದೇ ಅದರ ಮೇಲೆ ಇಣುಕುತ್ತಿರುತ್ತದೆ. ಅದರ ಬಲಕ್ಕೆ ಮಕಾಲು. ಇಳಿಯುವ ಹೊತ್ತಿಗೆ ಕಾಂಚನಜುಂಗಾ (8,586 ಮೀ.) ಪ್ರತ್ಯೇಕವಾಗಿ, ಅಗಲವಾಗಿ ಎದ್ದು ಕಾಣುತ್ತದೆ, ಡಾರ್ಜಿಲಿಂಗಿನಿಂದ ಅಮ್ಮನವರು ನೋಡಲಿರುವುದೂ ಅದೇ ಶಿಖರ. ಕೆಳಗಿನ ಗಂಗಾ ಬಯಲು ಮಬ್ಬಾಗಿದೆಯೆಂದು ನಿರಾಶರಾಗಬೇಡಿ, ಆ ಮಬ್ಬಿನ ಮೇಲೆ ಶಿಖರಗಳು ಸ್ವಚ್ಛವಾಗಿ ಕಾಣುವ ದಿನಗಳು ನವೆಂಬರಿನಲ್ಲಿ ಬೇಕಾದಷ್ಟಿವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಳಗಿನ ವಿಮಾನದಲ್ಲಿ ಅಮ್ಮನಿಗೆ 4ಎ, ಹಿಂತಿರುಗುವಾಗ 4ಎಫ್ ಕಾದಿರಿಸಿದ್ದೇನೆ. ಶಿಖರಗಳ ಹೆಸರುಗಳನ್ನು ಇದೇ ಕ್ರಮದಲ್ಲಿ ದೊಡ್ಡ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆದು ಅವರ ಕೈಗೆ ಕೊಟ್ಟಿದ್ದೇನೆ.